ಹಳೇ ಸೌಂಡ್ ಪ್ರೊಜೆಕ್ಟರ್ ಕೊಳ್ಳುವ ಮುಂಚೆ

ಅಟ್ಟ ಗುಡಿಸುವಾಗ ಒಂದು ತಗಡಿನ ಡಬ್ಬ ಸಿಗುತ್ತದೆ. ಮುಚ್ಚಳ ತೆಗೆದರೆ ಅಂಗೈ ಅಗಲದ ನಾಲ್ಕೈದು ರೀಲು. ಒಂದರ ತುದಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರೆ ಕಿರುಬೆರಳಿನ ಉಗುರಿಗಿಂತ ಚಿಕ್ಕ ಚಿತ್ರಗಳು, ಒಂದರ ಕೆಳಗೊಂದು. ಯಾರೋ ಕೈ ಬೀಸುತ್ತಿದ್ದಾರೆ. ಇನ್ನೂ ಹತ್ತಿರ ಹಿಡಿದು ನೋಡಿದರೆ ಫಿಲ್ಮಿನ ಅಂಚಿನುದ್ದಕ್ಕೂ ಕಂದು ಬಣ್ಣದ ಸಣ್ಣ ಗೆರೆ. ಆ ಗೆರೆ ಇದ್ದರೆ ಅಲ್ಲಿ ಚಿತ್ರದ ಜೊತೆ ದನಿಯೂ ಇರಬಹುದು.

ಆ ರೀಲನ್ನು ಗೋಡೆಯ ಮೇಲೆ ಓಡಿಸಿ ದನಿಯನ್ನೂ ಕೇಳಿಸುವ ಮೆಷಿನ್ನಿನ, ಅಂದರೆ ಸೌಂಡ್ ಪ್ರೊಜೆಕ್ಟರಿನ, ಹುಡುಕಾಟ ಶುರುವಾಗುವುದು ಇಲ್ಲಿಂದಲೇ. ಮನೆ ಬಳಕೆಗೆಂದು ಸದ್ದಿನ ಪ್ರೊಜೆಕ್ಟರ್ ಮಾಡುತ್ತಿದ್ದ ದೊಡ್ಡ ಕಂಪನಿಗಳು ಆ ಕೆಲಸ ಬಿಟ್ಟು ದಶಕಗಳಾದವು. ಸಿಗುವುದೆಲ್ಲ ಯಾರೋ ಬಳಸಿ, ಎಲ್ಲೋ ಮೂಲೆಗಿಟ್ಟ ಮೆಷಿನ್ನೇ. ಫೋಟೋದಲ್ಲಿ ಎಲ್ಲವೂ ಚೆಂದ. ಒಳಗೆ ಏನಾಗಿದೆ ಅಂತ ತಿಳಿಯಬೇಕಾದರೆ ಅದು ಕೆಲಸ ಮಾಡುವ ಬಗೆ ಸ್ವಲ್ಪ ಗೊತ್ತಿರಬೇಕು. ಸ್ವಲ್ಪ ಸಾಕು, ಮೆಕ್ಯಾನಿಕ್ ಆಗಬೇಕಿಲ್ಲ.

## ಮೊದಲು ರೀಲು, ಆಮೇಲೆ ಮೆಷಿನ್

ಜಾಸ್ತಿ ಜನ ಎಡವುವುದು ಇಲ್ಲೇ. ಮೆಷಿನ್ ಅಗ್ಗಕ್ಕೆ ಸಿಕ್ಕಿತು ಅಂತ ತಂದುಬಿಡುತ್ತಾರೆ. ಆಮೇಲೆ ನೋಡಿದರೆ ತಮ್ಮ ರೀಲು ಅದರಲ್ಲಿ ಓಡುವುದೇ ಇಲ್ಲ. ಮನೆಯಲ್ಲಿ ತೆಗೆದ ಫಿಲ್ಮುಗಳು ಒಂದೇ ಅಳತೆಯವಲ್ಲ.

1923ರಲ್ಲಿ ಕೊಡಾಕ್ ಕಂಪನಿ 16 ಮಿಲಿಮೀಟರ್ ಅಗಲದ ಫಿಲ್ಮನ್ನು ಮನೆಯವರಿಗೆಂದು ತಂದಿತು. ಅದು ದುಬಾರಿಯಾಯಿತು. 1932ರಲ್ಲಿ ಅದೇ ಕಂಪನಿ ಒಂದು ಉಪಾಯ ಮಾಡಿತು. 16 ಎಂಎಂ ಫಿಲ್ಮನ್ನೇ ಕ್ಯಾಮೆರಾದಲ್ಲಿ ಒಂದು ಸಲ ಒಂದು ಪಕ್ಕಕ್ಕೆ, ತಿರುವಿ ಹಾಕಿ ಇನ್ನೊಂದು ಪಕ್ಕಕ್ಕೆ ಓಡಿಸುವುದು. ತೊಳೆದ ಮೇಲೆ ಉದ್ದಕ್ಕೆ ಸೀಳಿ ಎರಡು ಮಾಡುವುದು. ಹೀಗೆ ಬಂದದ್ದು 8 ಎಂಎಂ. ಈಗ ಅದನ್ನು ರೆಗ್ಯುಲರ್ 8 ಅನ್ನುತ್ತಾರೆ. 1965ರಲ್ಲಿ ಸೂಪರ್ 8 ಬಂತು. ಅಗಲ ಅದೇ 8 ಮಿಲಿಮೀಟರ್, ಆದರೆ ಅಂಚಿನ ತೂತು ಚಿಕ್ಕದು ಮಾಡಿ, ಉಳಿದ ಜಾಗವನ್ನು ಚಿತ್ರಕ್ಕೆ ಕೊಟ್ಟರು. ಚಿತ್ರದ ವಿಸ್ತಾರ ಸುಮಾರು ಅರ್ಧದಷ್ಟು ಹೆಚ್ಚಾಯಿತು. ಅದೇ ವರ್ಷ ಫ್ಯೂಜಿ ತಂದ ಸಿಂಗಲ್ 8ರ ಅಳತೆಯೂ ಸೂಪರ್ 8ರದ್ದೇ, ಹಾಗಾಗಿ ಸೂಪರ್ 8 ಪ್ರೊಜೆಕ್ಟರಿನಲ್ಲೇ ಓಡುತ್ತದೆ.

ಕೈಯಲ್ಲಿರುವುದು ಯಾವುದು ಅಂತ ಕಂಡುಹಿಡಿಯಲು ಭೂತಗನ್ನಡಿ ಕೂಡ ಬೇಡ. ತೂತು ನೋಡಿ. ಎರಡು ಚಿತ್ರಗಳ ನಡುವಿನ ಗೆರೆಯ ಪಕ್ಕದಲ್ಲಿ ದೊಡ್ಡ ತೂತು ಇದ್ದರೆ ರೆಗ್ಯುಲರ್ 8. ಚಿತ್ರದ ನಡುಮಧ್ಯಕ್ಕೆ ಸರಿಯಾಗಿ ಪುಟ್ಟ ತೂತು ಇದ್ದರೆ ಸೂಪರ್ 8. ಅಗಲ ಎರಡರಷ್ಟಿದ್ದರೆ 16 ಎಂಎಂ. ತೂತು ಅಂಚಿನಲ್ಲಿಲ್ಲದೆ ಫಿಲ್ಮಿನ ನಟ್ಟನಡುವೆ ಇದ್ದರೆ ಅದು 1922ರಲ್ಲಿ ಪಾಥೆ ಕಂಪನಿ ತಂದ 9.5 ಎಂಎಂ, ಅದಕ್ಕೆ ಬೇರೆಯದೇ ಮೆಷಿನ್ ಬೇಕು. ರೀಲಿನ ನಡುವಿನ ತೂತೂ ಸುಳಿವು ಕೊಡುತ್ತದೆ: ರೆಗ್ಯುಲರ್ 8ರ ರೀಲಿಗೆ ಚಿಕ್ಕದು, ಸೂಪರ್ 8ರ ರೀಲಿಗೆ ದೊಡ್ಡದು. ಆದರೆ ಹಿಂದಿನವರು ಸಿಕ್ಕ ರೀಲಿಗೆ ಸಿಕ್ಕ ಫಿಲ್ಮ್ ಸುತ್ತಿಟ್ಟಿರುತ್ತಾರೆ. ಹಾಗಾಗಿ ಫಿಲ್ಮಿನ ಮಾತನ್ನೇ ನಂಬಿ.

ಇನ್ನೊಂದು ಗೊಂದಲ 'ಡ್ಯುಯಲ್ 8' ಅನ್ನುವ ಮೆಷಿನ್‌ಗಳದ್ದು. ರೆಗ್ಯುಲರ್, ಸೂಪರ್ ಎರಡನ್ನೂ ಓಡಿಸುತ್ತವೆ, ನಿಜ. ಆದರೆ ಸದ್ದು ಬಹುಪಾಲು ಸೂಪರ್ 8ಕ್ಕೆ ಮಾತ್ರ. ರೆಗ್ಯುಲರ್ 8ರ ಸದ್ದು ಹೊರಡಿಸುವ ಮೆಷಿನ್ ಅಪರೂಪ. ನಿಮ್ಮ ರೀಲು ರೆಗ್ಯುಲರ್ 8 ಆಗಿದ್ದು ಅದರ ಮೇಲೆ ಕಂದು ಗೆರೆ ಇದ್ದರೆ, ಮಾರುವವರನ್ನು ಇದೊಂದನ್ನು ಬಿಡಿಸಿ ಕೇಳಿ.

ಕೊನೆಗೆ ರೀಲನ್ನು ಮೂಸಿ ನೋಡಿ. ತಮಾಷೆಯಲ್ಲ. ಹಳೇ ಫಿಲ್ಮುಗಳಲ್ಲಿ ಹೆಚ್ಚಿನವು ಅಸಿಟೇಟ್ ಅನ್ನುವ ವಸ್ತುವಿನವು. ಅದು ಕೆಡತೊಡಗಿದರೆ ವಿನೆಗರಿನ ಹುಳಿ ವಾಸನೆ ಬರುತ್ತದೆ. ಫಿಲ್ಮ್ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಮುರುಟುತ್ತದೆ. ಕಂದು ಗೆರೆಯಲ್ಲಿ ಕಬ್ಬಿಣದ ಅಂಶ ಇರುವುದರಿಂದ ಸದ್ದಿರುವ ಫಿಲ್ಮಿಗೆ ಈ ಕಾಯಿಲೆ ಇನ್ನೂ ಬೇಗ ಹತ್ತುತ್ತದೆ. ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿದ್ದರೆ ಆ ರೀಲನ್ನು ಉಳಿದವುಗಳಿಂದ ದೂರ ಇಡಿ. ಅದನ್ನು ಯಾವ ಪ್ರೊಜೆಕ್ಟರಿಗೂ ಹಾಕಬೇಡಿ.

## ಸದ್ದು ಇರುವುದು ಎಲ್ಲಿ?

ಕ್ಯಾಸೆಟ್ ಟೇಪು ನೋಡಿದ್ದೀರಲ್ಲ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಂದು ಲೇಪ. ಫಿಲ್ಮಿನ ಅಂಚಿನ ಗೆರೆಯೂ ಅದೇ ಜಾತಿ, ಟೇಪಿನ ಸಣ್ಣ ದಾರವನ್ನು ಫಿಲ್ಮಿಗೆ ಅಂಟಿಸಿದ ಹಾಗೆ. ಅದರ ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ. ಇದನ್ನು ಮ್ಯಾಗ್ನೆಟಿಕ್ ಸೌಂಡ್ ಅನ್ನುತ್ತಾರೆ. ಚಿತ್ರ ತೆಗೆಯುವಾಗಲೇ ದನಿಯನ್ನೂ ಹಿಡಿಯುವ ಸೂಪರ್ 8 ಕ್ಯಾಮೆರಾ ಮತ್ತು ಫಿಲ್ಮನ್ನು ಕೊಡಾಕ್ 1973ರಲ್ಲಿ ತಂದಿತು. ಅದಕ್ಕೂ ಮುಂಚೆ ಮೂಕ ಫಿಲ್ಮಿಗೆ ಆಮೇಲೆ ಗೆರೆ ಹಾಕಿಸಿ, ಮನೆಯಲ್ಲೇ ಪ್ರೊಜೆಕ್ಟರಿನಲ್ಲಿ ಮಾತೋ ಹಾಡೋ ತುಂಬುತ್ತಿದ್ದರು. ಅದಕ್ಕೇ ಗೆರೆ ಕಂಡ ಮಾತ್ರಕ್ಕೆ ದನಿ ಇದೆ ಅಂತ ಖಾತ್ರಿ ಇಲ್ಲ. ಗೆರೆ ಹಾಕಿಸಿ ಏನೂ ತುಂಬದೆ ಬಿಟ್ಟವರೂ ಇದ್ದಾರೆ.

ತೂತಿನ ಪಕ್ಕದಲ್ಲಿ ಇನ್ನೂ ತೆಳುವಾದ ಎರಡನೇ ಗೆರೆ ಇರುವುದುಂಟು. ಫಿಲ್ಮಿನ ಒಂದು ಪಕ್ಕ ಮಾತ್ರ ಗೆರೆಯಿಂದ ದಪ್ಪವಾದರೆ ಸುತ್ತುವಾಗ ಓರೆಯಾಗುತ್ತದೆ. ಅದನ್ನು ಸರಿತೂಗಿಸಲು ಹಾಕಿದ್ದು ಆ ಗೆರೆ. ಮುಂದೆ ಕೆಲವು ಒಳ್ಳೆಯ ಪ್ರೊಜೆಕ್ಟರುಗಳು ಅದರಲ್ಲೂ ಸದ್ದು ತುಂಬಿ ಸ್ಟೀರಿಯೋ ಮಾಡಿದವು.

ಎರಡನೇ ಬಗೆ ಆಪ್ಟಿಕಲ್ ಸೌಂಡ್. ಇಲ್ಲಿ ಕಂದು ಲೇಪ ಇಲ್ಲ. ಅಂಚಿನಲ್ಲಿ ಅಲೆ ಅಲೆಯಾದ ಗೆರೆಯೊಂದು ಚಿತ್ರದ ಜೊತೆಗೇ ಅಚ್ಚಾಗಿರುತ್ತದೆ. ಮೆಷಿನ್ನಿನೊಳಗಿನ ಪುಟ್ಟ ಬಲ್ಬು ಅದರ ಮೂಲಕ ಬೆಳಕು ಹಾಯಿಸುತ್ತದೆ, ಆಚೆ ಬದಿಯ, ಬೆಳಕನ್ನು ಗುರುತಿಸುವ ಸೆಲ್ ಆ ಬೆಳಕಿನ ಏರಿಳಿತವನ್ನು ಕರೆಂಟಿನ ಏರಿಳಿತವಾಗಿಸುತ್ತದೆ, ಸ್ಪೀಕರು ಅದನ್ನು ಸದ್ದಾಗಿಸುತ್ತದೆ. 16 ಎಂಎಂ ಪ್ರತಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಸೂಪರ್ 8ರಲ್ಲೂ ಅಂಗಡಿಯಲ್ಲಿ ಮಾರುತ್ತಿದ್ದ ಕೆಲವು ಸಿನಿಮಾ ಪ್ರತಿಗಳು ಹೀಗಿವೆ. ಮ್ಯಾಗ್ನೆಟಿಕ್ ಮಾತ್ರ ಓದುವ ಮೆಷಿನ್‌ಗೆ ಆಪ್ಟಿಕಲ್ ಗೆರೆ ಅರ್ಥವಾಗುವುದಿಲ್ಲ. ಮನೆಯವರೇ ತೆಗೆದ ಸೂಪರ್ 8 ರೀಲಾದರೆ ಮ್ಯಾಗ್ನೆಟಿಕ್ ಮೆಷಿನ್ನೇ ಬೇಕು.

## ಚಿತ್ರ ನಿಲ್ಲಬೇಕು, ಸದ್ದು ಹರಿಯಬೇಕು

ಸದ್ದಿನ ಪ್ರೊಜೆಕ್ಟರ್ ಯಾಕೆ ಇಷ್ಟು ಗೋಜಲು, ಯಾಕೆ ಅದರಲ್ಲಿ ಕೆಡುವ ಭಾಗಗಳು ಜಾಸ್ತಿ ಅನ್ನುವುದಕ್ಕೆ ಉತ್ತರ ಈ ಒಂದು ಜಗಳದಲ್ಲಿದೆ.

ಹೊಲಿಗೆ ಮೆಷಿನ್ ಹತ್ತಿರದಿಂದ ನೋಡಿ. ಸೂಜಿಯ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಒಂದು ಹೊಲಿಗೆಯಷ್ಟು ಮುಂದೆ ತಳ್ಳುತ್ತವೆ, ಕೆಳಗೆ ಇಳಿಯುತ್ತವೆ, ಹಿಂದೆ ಬರುತ್ತವೆ, ಮತ್ತೆ ಎದ್ದು ತಳ್ಳುತ್ತವೆ. ಬಟ್ಟೆ ಒಂದೇ ಸಮನೆ ಸಾಗುತ್ತಿದೆ ಅಂತ ನಮಗನ್ನಿಸುತ್ತದೆ, ಅಷ್ಟೆ. ನಿಜಕ್ಕೂ ಅದು ನಿಂತು ನಿಂತು ಹೋಗುತ್ತಿರುತ್ತದೆ. ಪ್ರೊಜೆಕ್ಟರಿನಲ್ಲೂ ಹಾಗೇ. ಒಂದು ಸಣ್ಣ ಕೊಕ್ಕೆ ಫಿಲ್ಮಿನ ತೂತಿಗೆ ಸಿಕ್ಕಿ, ಒಂದು ಚಿತ್ರದಷ್ಟು ಕೆಳಗೆಳೆದು, ಬಿಟ್ಟು, ಮೇಲೆ ಹೋಗುತ್ತದೆ. ಚಿತ್ರ ಒಂದು ಕ್ಷಣ ಅಲ್ಲಾಡದೆ ನಿಲ್ಲುವ ಆ ಜಾಗಕ್ಕೆ ಗೇಟು ಅನ್ನುತ್ತಾರೆ. ಎಳೆಯುವಷ್ಟು ಹೊತ್ತು ಶಟರ್ ಅನ್ನುವ ರೆಕ್ಕೆ ಬೆಳಕನ್ನು ಮುಚ್ಚುತ್ತದೆ. ಚಿತ್ರ ನಿಂತಿರುವಾಗಲೂ ಅದೇ ರೆಕ್ಕೆ ಒಂದೆರಡು ಸಲ ಸುಮ್ನೆ ಬೆಳಕು ಕತ್ತರಿಸುತ್ತದೆ. ಬೆಳಕು ಸೆಕೆಂಡಿಗೆ 50ರ ಆಸುಪಾಸು ಸಲ ಮಿನುಗಿದರೆ ಕಣ್ಣಿಗೆ ಮಿನುಗೇ ಕಾಣುವುದಿಲ್ಲ, ಅದಕ್ಕೆ.

ಸದ್ದಿಗೆ ಈ ನಿಂತು ನಡೆಯುವ ಆಟ ಆಗಿಬರುವುದಿಲ್ಲ. ಕ್ಯಾಸೆಟ್ಟನ್ನು ಬೆರಳಿನಿಂದ ತಡೆದು ತಡೆದು ಬಿಟ್ಟರೆ ಹಾಡು ಏನಾಗುತ್ತದೆ? ಸದ್ದು ಓದುವ ಹೆಡ್ಡಿನ ಮುಂದೆ ಫಿಲ್ಮ್ ಒಂದೇ ಸಮನೆ ಜಾರಬೇಕು. ಒಂದೇ ಫಿಲ್ಮು, ಕೆಲವೇ ಅಂಗುಲದ ಅಂತರ, ಒಂದು ಕಡೆ ಎಳೆದಾಟ, ಇನ್ನೊಂದು ಕಡೆ ನಯವಾದ ಓಟ.

ಇದಕ್ಕೆ ಕಂಡುಕೊಂಡ ದಾರಿ ಎರಡು. ಒಂದು, ಗೇಟಿನ ಕೆಳಗೆ ಫಿಲ್ಮನ್ನು ಬಿಗಿಯಾಗಿಡದೆ ಸಡಿಲವಾದ ಒಂದು ಬಳುಕು ಬಿಡುವುದು. ಇದಕ್ಕೆ ಲೂಪ್ ಅನ್ನುತ್ತಾರೆ. ಕೊಕ್ಕೆಯ ಎಳೆತವೆಲ್ಲ ಆ ಬಳುಕಿನಲ್ಲೇ ಕರಗಿಹೋಗುತ್ತದೆ. ಎರಡು, ಸದ್ದಿನ ಹೆಡ್ಡಿನ ಪಕ್ಕ ಒಂದು ನಯವಾದ ಕಂಬಿ, ಅದಕ್ಕೆ ಸೇರಿದ ಭಾರದ ಚಕ್ರ, ಫಿಲ್ಮನ್ನು ಆ ಕಂಬಿಗೆ ಒತ್ತಿಹಿಡಿಯುವ ರಬ್ಬರ್ ರೋಲರ್. ಭಾರದ ಚಕ್ರ ಒಮ್ಮೆ ತಿರುಗಿದರೆ ತನ್ನ ವೇಗ ಸುಲಭಕ್ಕೆ ಬಿಡುವುದಿಲ್ಲ. ಕುಂಬಾರನ ತಿಗರಿಯ ಹಾಗೆ.

ಹೀಗೆ ದೂರ ಇಟ್ಟಿರುವುದರಿಂದ ಒಂದು ಚಿತ್ರದ ಸದ್ದು ಆ ಚಿತ್ರದ ಪಕ್ಕದಲ್ಲೇ ಇರುವುದಿಲ್ಲ. ಸೂಪರ್ 8ರ ಮ್ಯಾಗ್ನೆಟಿಕ್ ಸದ್ದು 18 ಚಿತ್ರ ಮುಂದೆ ಇರುತ್ತದೆ. 16 ಎಂಎಂ ಆಪ್ಟಿಕಲ್‌ನಲ್ಲಿ 26 ಚಿತ್ರ ಮುಂದೆ. ಸೆಕೆಂಡಿಗೆ 18 ಚಿತ್ರದ ವೇಗದಲ್ಲಿ 18 ಚಿತ್ರ ಅಂದರೆ ಸರಿಯಾಗಿ ಒಂದು ಸೆಕೆಂಡು. ಹಳೇ ಮನೆ ಸಿನಿಮಾದಲ್ಲಿ ಕತ್ತರಿಸಿ ಅಂಟಿಸಿದ ಜಾಗ ಬಂದಾಗ ಚಿತ್ರ ಬದಲಾದರೂ ಹಿಂದಿನ ದೃಶ್ಯದ ಮಾತಿನ ಬಾಲ ಒಂದು ಸೆಕೆಂಡು ಮುಂದುವರಿಯುವುದು ಇದರಿಂದಲೇ. ಮೆಷಿನ್ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ.

ಲೂಪು, ಭಾರದ ಚಕ್ರ, ರಬ್ಬರ್ ರೋಲರ್, ಹೆಡ್ಡು, ಸದ್ದನ್ನು ಜೋರಾಗಿಸುವ ಆಂಪ್ಲಿಫೈಯರ್. ಮೂಕ ಪ್ರೊಜೆಕ್ಟರಿನಲ್ಲಿ ಲೂಪು ಬಿಟ್ಟರೆ ಇವ್ಯಾವುವೂ ಇಲ್ಲ. ಹಳೇ ಸೌಂಡ್ ಮೆಷಿನ್ 'ಚಿತ್ರ ಬರುತ್ತೆ, ಸದ್ದು ಸರಿಯಿಲ್ಲ' ಅನ್ನುವ ಸ್ಥಿತಿಗೆ ಬರುವುದು ಇವುಗಳಿಂದ.

## 18 ಮತ್ತು 24

ಕೊಳ್ಳುವ ಮೆಷಿನ್ನಿನಲ್ಲಿ ಈ ಎರಡು ಅಂಕಿ ಇರುವ ಸ್ವಿಚ್ ಹುಡುಕಿ. ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ ಅದು. ಮೂಕ ಸೂಪರ್ 8 ಸಾಮಾನ್ಯವಾಗಿ 18. ಸದ್ದಿನದು 18 ಆಗಿರಬಹುದು, 24 ಆಗಿರಬಹುದು. ವೇಗ ಹೆಚ್ಚಿದಷ್ಟೂ ಗೆರೆ ಉದ್ದ ಓಡುತ್ತದೆ, ಸದ್ದು ಸ್ಪಷ್ಟವಾಗುತ್ತದೆ, ಫಿಲ್ಮಿನ ಖರ್ಚೂ ಏರುತ್ತದೆ. 50 ಅಡಿಯ ರೀಲು 18ರಲ್ಲಿ 3 ನಿಮಿಷ 20 ಸೆಕೆಂಡ್ ಬರುತ್ತದೆ, 24ರಲ್ಲಿ ಎರಡೂವರೆ ನಿಮಿಷ. ಖರ್ಚು ಉಳಿಸಲು ಮನೆಯವರು 18ರಲ್ಲೇ ತೆಗೆಯುತ್ತಿದ್ದದ್ದು ಹೆಚ್ಚು. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಅಜ್ಜನ ಗಂಭೀರ ದನಿ ಕೀಚಲಾಗುತ್ತದೆ, ಎಲ್ಲರೂ ಓಡೋಡಿ ನಡೆಯುತ್ತಾರೆ. ಮಕ್ಕಳಿಗೆ ಇದು ಬಹಳ ಇಷ್ಟ.

ಕರೆಂಟಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಮೆಷಿನ್‌ಗಳು ಒಂದು ದೇಶದ ಕರೆಂಟಿಗೆ ಮಾತ್ರ ಮಾಡಿದವು. ವೋಲ್ಟೇಜ್ ಬದಲಿಸುವ ತಿರುಗುಣಿ ಹಿಂಬದಿಯಲ್ಲೋ ತಳದಲ್ಲೋ ಇದೆಯಾ ನೋಡಿ. ಅದು ಸರಿ ಇದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. ಹಲವು ಮೋಟಾರುಗಳ ವೇಗ ಕರೆಂಟಿನ ಹರ್ಟ್ಸ್ ಮೇಲೆ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಹರಿಯುತ್ತದೆ ಅನ್ನುವುದರ ಮೇಲೆ, ನಿಂತಿದೆ. 50 ಹರ್ಟ್ಸಿಗೆ ಹೊಂದಿಸಿದ್ದನ್ನು 60 ಹರ್ಟ್ಸಿಗೆ ಹಾಕಿದರೆ ಶೇಕಡಾ 20ರಷ್ಟು ಜೋರಾಗಿ ಓಡುತ್ತದೆ. ಒಳಗೆ ಬೆಲ್ಟನ್ನು ಬೇರೆ ಗಾಲಿಗೆ ಸರಿಸುವ ಅವಕಾಶ ಇದ್ದರೆ ಬಚಾವು.

## ಮೆಷಿನ್ ಕೈಗೆ ಸಿಕ್ಕಾಗ

ಸ್ವಿಚ್ ಹಾಕುವ ಮುಂಚೆ ಕವಚ ತೆಗೆದು ಒಳಗೆ ನೋಡಲು ಬಿಡುತ್ತಾರಾ ಕೇಳಿ. ಪ್ಲಗ್ ಹೊರಗೇ ಇರಲಿ. ಮೊದಲು ಕಣ್ಣಿಗೆ ಬೀಳಬೇಕಾದದ್ದು ಬೆಲ್ಟು. ರಬ್ಬರ್ ಬೆಲ್ಟು ವರ್ಷಗಟ್ಟಲೆ ನಿಂತಲ್ಲೇ ಇದ್ದರೆ ಹಿಗ್ಗುತ್ತದೆ, ಬಿರುಕು ಬಿಡುತ್ತದೆ. ಕೆಲವು ಬಗೆಯವು ಕರಗಿ ಡಾಂಬರಿನ ಹಾಗೆ ಗಾಲಿಗೆ ಅಂಟಿಕೊಂಡಿರುತ್ತವೆ. ಅದನ್ನು ಮುಟ್ಟಿದರೆ ಕೈ, ಕೈ ಒರೆಸಿದ ಬಟ್ಟೆ, ಆ ಬಟ್ಟೆ ಇಟ್ಟ ಮೇಜು, ಎಲ್ಲ ಕಪ್ಪು. ಬೆಲ್ಟು ಬದಲಿಸಬಹುದು, ದೊಡ್ಡ ಕೆಲಸವೇನಲ್ಲ. ಲೋಹದ ಸ್ಪ್ರಿಂಗಿನಂಥ ಬೆಲ್ಟಾದರೆ ಬಹಳ ಕಾಲ ಬಾಳುತ್ತದೆ. ಆದರೆ ಪ್ಲಾಸ್ಟಿಕ್ ಹಲ್ಲುಚಕ್ರ ಸೀಳಿದ್ದರೆ ಹುಷಾರು. ಆ ಮಾದರಿಯ ಬಿಡಿಭಾಗ ಸಿಗದೆ ಹೋದರೆ ಮೆಷಿನ್ ಅಲ್ಲಿಗೆ ಮುಗಿಯಿತು.

ಆಮೇಲೆ ಭಾರದ ಚಕ್ರವನ್ನು ಬೆರಳಲ್ಲಿ ತಿರುಗಿಸಿ. ಸದ್ದಿಲ್ಲದೆ, ತಡೆಯಿಲ್ಲದೆ ತಿರುಗಿ ತಾನಾಗಿ ನಿಲ್ಲಬೇಕು. ಗಕ್ಕನೆ ನಿಂತರೆ ಒಳಗಿನ ಗ್ರೀಸು ಗಟ್ಟಿಯಾಗಿದೆ. ರಬ್ಬರ್ ರೋಲರ್ ಉಗುರಿಗೆ ಸ್ವಲ್ಪ ಮೆತ್ತಗೆ ತಾಗಬೇಕು, ಸುತ್ತಲೂ ಗುಂಡಗಿರಬೇಕು. ನಾನು ಮೊದಲು ತಂದ ಮೆಷಿನ್ನಿನಲ್ಲಿ ಚಿತ್ರ ಕಣ್ಣಿಗೆ ಹಬ್ಬ, ಸದ್ದು ಮಾತ್ರ ಬಾವಿಯೊಳಗಿಂದ ಯಾರೋ ತೂಗಾಡುತ್ತಾ ಮಾತಾಡಿದ ಹಾಗೆ. ಎರಡು ದಿನ ಆಂಪ್ಲಿಫೈಯರಿನ ಮೇಲೆ ಅನುಮಾನಪಟ್ಟೆ. ಕೊನೆಗೆ ನೋಡಿದರೆ ರೋಲರಿನ ಒಂದು ಬದಿ ಚಪ್ಪಟೆ. ಹಿಂದಿನವರು ಲಿವರನ್ನು ಓಡಿಸುವ ಜಾಗದಲ್ಲೇ ಬಿಟ್ಟು ಡಬ್ಬಕ್ಕೆ ಹಾಕಿದ್ದರು. ವರ್ಷಗಟ್ಟಲೆ ಕಂಬಿಗೆ ಒತ್ತಿಕೊಂಡೇ ಇದ್ದ ರಬ್ಬರು ಅಲ್ಲೇ ತಗ್ಗಾಗಿತ್ತು. ಒಂದೊಂದು ಸುತ್ತಿಗೂ ಒಂದೊಂದು ತೂಗು.

ಈಗ ಸದ್ದಿನ ಹೆಡ್ಡು. ಬೆಳ್ಳಗೆ ಹೊಳೆಯುವ, ಕಡಲೆ ಕಾಳಿನಷ್ಟು ಲೋಹದ ಮುಖ. ಅದರ ಮೇಲೆ ಫಿಲ್ಮ್ ಉಜ್ಜಿ ಉಜ್ಜಿ ಕಣ್ಣಿಗೆ ಕಾಣುವಷ್ಟು ಕೊರಕಲು ಬಿದ್ದಿದ್ದರೆ ಅದು ತುಂಬಾ ದುಡಿದಿದೆ ಅಂತ ಅರ್ಥ. ಬರೀ ಕೊಳೆಯಾದರೆ ಚಿಂತೆಯಿಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ನಿಧಾನಕ್ಕೆ ಒರೆಸಿದರೆ ಹತ್ತಿ ಕಂದಾಗುತ್ತದೆ. ಹಳೇ ಫಿಲ್ಮುಗಳ ಗೆರೆಯಿಂದ ಉದುರಿದ ಪುಡಿ ಅದು. ಇಷ್ಟೇ ಕೆಲಸದಿಂದ ಮಂಕಾಗಿದ್ದ ದನಿ ಬಿಡಿಸಿಕೊಂಡು ಬರುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಈಗ ಪ್ಲಗ್ ಹಾಕಬಹುದು. ಬಹಳ ವರ್ಷ ಕರೆಂಟ್ ಕಾಣದ ಮೆಷಿನ್ನಾದರೆ ಮೊದಲ ಕೆಲವು ನಿಮಿಷ ಪಕ್ಕದಲ್ಲೇ ನಿಂತಿರಿ. ಒಳಗಿನ ಹಳೇ ಕಾಗದದ ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ) 'ಟಪ್' ಅಂತ ಒಡೆದು ಹೊಗೆ ಬಿಡುವುದುಂಟು. ಗಾಬರಿ ಹುಟ್ಟಿಸುತ್ತದೆ, ಕೆಟ್ಟ ನಾತ ಬೇರೆ. ಪ್ಲಗ್ ಕಿತ್ತು ಗಾಳಿಯಾಡಲು ಬಿಡಿ. ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ಅದನ್ನು ಬದಲಿಸುವುದು ಸಣ್ಣ ಕೆಲಸ.

ಫಿಲ್ಮ್ ಇಲ್ಲದೆಯೂ ಸದ್ದಿನ ಭಾಗ ಬದುಕಿದೆಯಾ ಅಂತ ತಿಳಿಯಬಹುದು. ವಾಲ್ಯೂಮ್ ಪೂರ್ತಿ ಏರಿಸಿ. ಸ್ಪೀಕರಿನಿಂದ ಮೆಲ್ಲಗೆ 'ಸ್ಸ್' ಅಂತ ಬಂದರೆ ಒಳ್ಳೆಯ ಲಕ್ಷಣ. ಏನೂ ಬರದಿದ್ದರೆ ಆಂಪ್ಲಿಫೈಯರ್ ಸತ್ತಿರಬಹುದು. ಜೋರಾಗಿ 'ಹುಂ' ಅಂತ ಗುಂಯ್‌ಗುಟ್ಟಿದರೆ ಕೆಪಾಸಿಟರುಗಳು ಸೊರಗಿವೆ. ಗುಂಡಿ ತಿರುಗಿಸುವಾಗ ಕರಕರ ಅಂದರೆ ಅದು ಬರೀ ಧೂಳು. ಆಮೇಲೆ ಒಂದು ಉಪಾಯ: ಬೇಡವಾದ ಕ್ಯಾಸೆಟ್ಟಿನಿಂದ ಅಂಗುಲದಷ್ಟು ಟೇಪು ಕತ್ತರಿಸಿ ಜೇಬಲ್ಲಿಟ್ಟುಕೊಂಡು ಹೋಗಿ. ಅದರ ಸದ್ದು ತುಂಬಿದ ಬದಿಯನ್ನು ಹೆಡ್ಡಿನ ಮೇಲೆ ಬೆರಳಲ್ಲಿ ಜಾರಿಸಿ. ಸ್ಪೀಕರಿನಲ್ಲಿ ಗರಗರ ಕೇಳಿದರೆ ಹೆಡ್ಡಿನಿಂದ ಸ್ಪೀಕರಿನವರೆಗೆ ದಾರಿ ಸರಾಗ. ಆಪ್ಟಿಕಲ್ ಮೆಷಿನ್ನಾದರೆ ಪುಟ್ಟ ಬಲ್ಬು ಉರಿಯುತ್ತಿರುವಾಗ ಅದರ ಬೆಳಕಿಗೆ ಅಡ್ಡಲಾಗಿ ಕಾಗದದ ಚೂರನ್ನು ಆಡಿಸಿ. 'ಟಪ್ ಟಪ್' ಅಂತ ಬರಬೇಕು.

ಕೊನೆಯದು ಬಲ್ಬು. ಸದ್ಯ ಉರಿಯುತ್ತಿದೆ ಅಂತ ಬಿಡಬೇಡಿ. ಅದರ ಮೇಲಿನ ವೋಲ್ಟ್, ವ್ಯಾಟ್ ಮತ್ತು ಅಕ್ಷರಗಳ ಗುರುತು ಬರೆದುಕೊಳ್ಳಿ. 12 ವೋಲ್ಟ್ 100 ವ್ಯಾಟ್, 15 ವೋಲ್ಟ್ 150 ವ್ಯಾಟ್ ಹ್ಯಾಲೊಜೆನ್ ಬಲ್ಬುಗಳು ಸೂಪರ್ 8ರಲ್ಲಿ ತುಂಬಾ ಬಳಕೆಯಾದವು. ಇನ್ನೂ ಹಳೆಯ ಕೆಲವು ಮಾದರಿಗಳ ಬಲ್ಬು ಈಗ ತಯಾರಾಗುವುದೇ ಇಲ್ಲ. ಅಂಥ ಮೆಷಿನ್ ಬಲ್ಬು ಹೋದ ದಿನ ಅಲಂಕಾರದ ವಸ್ತು. ಹಾಗೆಯೇ ಒಳಗಿನ ಫ್ಯಾನ್ ತಿರುಗುತ್ತಿದೆಯಾ ನೋಡಿ. ಅದು ನಿಂತಿದ್ದರೆ ಬಲ್ಬಿನ ಬಿಸಿ ಫಿಲ್ಮನ್ನು ಸುಡುತ್ತದೆ.

ಇಷ್ಟೆಲ್ಲ ಆದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ನೆ ಓಡಲು ಬಿಡಿ. ಹಳೇ ಮೆಷಿನ್‌ಗಳು ಬಿಸಿಯಾದ ಮೇಲೇ ತಮ್ಮ ನಿಜಗುಣ ತೋರಿಸುವುದು.

## 'ಚೆನ್ನಾಗಿ ಓಡುತ್ತೆ' ಅಂದರೆ

ದೂರದಿಂದ ಕೊಳ್ಳುವಾಗ ಮಾರುವವರ ಮಾತನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಮಾರುವವರಲ್ಲಿ ಹಲವರಿಗೆ ತಾವು ಮಾರುತ್ತಿರುವುದು ಏನು ಅಂತಲೇ ಗೊತ್ತಿರುವುದಿಲ್ಲ, ಮೋಸ ಅನ್ನಲಾಗದು. 'ಬಲ್ಬು ಉರಿಯುತ್ತೆ, ಮೋಟಾರ್ ತಿರುಗುತ್ತೆ' ಅಂದರೆ ಬಲ್ಬು ಉರಿಯುತ್ತದೆ, ಮೋಟಾರ್ ತಿರುಗುತ್ತದೆ, ಅಷ್ಟೆ. ಸದ್ದಿನ ಮಾತೇ ಅದರಲ್ಲಿಲ್ಲ. 'ಫಿಲ್ಮ್ ಇಲ್ಲದ್ದರಿಂದ ಪರೀಕ್ಷೆ ಮಾಡಿಲ್ಲ' ಅಂದರೆ ಕೆಟ್ಟಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಕಟ್ಟಿ. 'ಸರ್ವಿಸ್ ಆಗಿದೆ' ಅಂದರೆ ಯಾವ ಬೆಲ್ಟು ಬದಲಾಯಿತು, ರೋಲರ್ ಹೊಸದಾ, ಎಣ್ಣೆ ಎಲ್ಲೆಲ್ಲಿ ಬಿತ್ತು ಅಂತ ಕೇಳಿ. ನಿಜವಾಗಿ ಮಾಡಿಸಿದವರು ಉತ್ಸಾಹದಿಂದ ಹೇಳುತ್ತಾರೆ.

ಒಂದು ವಿಡಿಯೋ ಕಳಿಸಲು ಹೇಳಿ. ಫಿಲ್ಮಿನ ತುದಿ ತೂರಿಸುವುದರಿಂದ ಹಿಡಿದು ಆಚೆ ರೀಲಿಗೆ ಸುತ್ತಿಕೊಳ್ಳುವವರೆಗೆ, ನಡುವೆ ನಿಲ್ಲಿಸದೆ, ಮೆಷಿನ್ನಿನದೇ ಸ್ಪೀಕರಿನ ಸದ್ದಿನೊಂದಿಗೆ. ಆಚೆ ರೀಲು ಸರಿಯಾಗಿ ಎಳೆದುಕೊಳ್ಳದಿದ್ದರೆ ಫಿಲ್ಮ್ ನೆಲದ ಮೇಲೆ ಶಾವಿಗೆಯ ಹಾಗೆ ಗುಡ್ಡೆ ಬೀಳುವುದು ಅದರಲ್ಲಿ ಕಾಣುತ್ತದೆ. ಕಳಿಸುವಾಗ ರೀಲು ಹಿಡಿಯುವ ತೋಳು ಮಡಚಿ, ಲೆನ್ಸ್ ಬಿಚ್ಚಿ ಬೇರೆ ಸುತ್ತಲು ಹೇಳಿ. ಒಳಗಿನ ಟ್ರಾನ್ಸ್‌ಫಾರ್ಮರ್ ಭಾರದ್ದು. ಡಬ್ಬ ಒಮ್ಮೆ ಬಿದ್ದರೆ ಅದೇ ಒಳಗಿನದನ್ನೆಲ್ಲ ಜಜ್ಜುತ್ತದೆ.

ಮಾದರಿಯ ಹೆಸರಿನ ಅಂಕಿಗಳೂ ಕೆಲವೊಮ್ಮೆ ಕೆಲಸಕ್ಕೆ ಬರುತ್ತವೆ. ಎಲ್ಮೋ ಕಂಪನಿಯ ಎಸ್‌ಟಿ-1200, ಜಿಎಸ್-1200 ಮಾದರಿಗಳಲ್ಲಿ 1200 ಅಂದರೆ ಅದು ಹಿಡಿಯುವ ರೀಲಿನ ಉದ್ದ, ಅಡಿಗಳಲ್ಲಿ. ಪುಟ್ಟ ರೀಲು ಮಾತ್ರ ಇರುವವರಿಗೆ ಅಷ್ಟು ದೊಡ್ಡದು ಬೇಕಿಲ್ಲ. 400 ಅಥವಾ 600 ಅಡಿಯದು ಧಾರಾಳ.

## ಕೊಳ್ಳಲೇಬೇಕಾ?

ರೀಲುಗಳನ್ನು ಒಮ್ಮೆ ನೋಡಿ, ಮಕ್ಕಳು ಮೊಮ್ಮಕ್ಕಳಿಗೆ ಫೋನಿನಲ್ಲಿ ಕಳಿಸುವುದಷ್ಟೇ ಉದ್ದೇಶವಾದರೆ ಪ್ರೊಜೆಕ್ಟರ್ ಬೇಡ ಅನ್ನುವುದು ನನ್ನ ಅನಿಸಿಕೆ. ಫಿಲ್ಮನ್ನು ಒಂದೊಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿ ಕೊಡುವವರಿದ್ದಾರೆ. ಅವರ ಯಂತ್ರದಲ್ಲಿ ಎಳೆದಾಡುವ ಕೊಕ್ಕೆ ಬಹುಪಾಲು ಇರುವುದಿಲ್ಲ, ಕುಗ್ಗಿದ ಫಿಲ್ಮಿಗೂ ಅಷ್ಟು ಅಪಾಯವಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: 'ಗೆರೆಯ ಸದ್ದನ್ನೂ ತೆಗೆದುಕೊಡುತ್ತೀರಾ?' ಚಿತ್ರ ಮಾತ್ರ ತೆಗೆದು ಕೊಡುವವರು ಸಾಕಷ್ಟಿದ್ದಾರೆ.

ಗೋಡೆಯ ಮೇಲೆ ಓಡಿಸಿ ಫೋನಿನಲ್ಲಿ ಹಿಡಿದರಾಯಿತು ಅಂತ ಅಂದುಕೊಂಡಿದ್ದರೆ, ಶಟರಿನ ಮಿನುಗು ಫೋನಿನ ಲೆಕ್ಕಕ್ಕೆ ಹೊಂದದೆ ಚಿತ್ರ ಪಟಪಟ ಮಿಟುಕುತ್ತದೆ. ನೋಡಲಾಗುವುದಿಲ್ಲ.

ಆದರೆ ಕತ್ತಲು ಕೋಣೆ, ಬಿಳಿ ಗೋಡೆ, ಮೆಷಿನ್ನಿನ ಟಕಟಕ, ಬಿಸಿ ಧೂಳಿನ ಆ ವಾಸನೆ ಬೇಕು ಅನ್ನುವವರಿಗೆ ಸ್ಕ್ಯಾನ್ ಉತ್ತರವಲ್ಲ. ಅವರು ಎರಡನ್ನೂ ಮಾಡಲಿ, ಮೊದಲು ಸ್ಕ್ಯಾನ್.

## ರೆಕಾರ್ಡ್ ಗುಂಡಿ ಮುಟ್ಟಬೇಡಿ

ಮ್ಯಾಗ್ನೆಟಿಕ್ ಪ್ರೊಜೆಕ್ಟರುಗಳಲ್ಲಿ ಹೆಚ್ಚಿನವು ಸದ್ದನ್ನು ಓದುವುದಷ್ಟೇ ಅಲ್ಲ, ತುಂಬಲೂ ಬಲ್ಲವು. ತುಂಬುವಾಗ ಮೊದಲಿದ್ದದ್ದನ್ನು ಅಳಿಸಿಯೇ ತುಂಬುತ್ತವೆ. ಫಿಲ್ಮ್ ಓಡುತ್ತಿರುವಾಗ ಆ ಕೆಂಪು ಗುಂಡಿ ಒತ್ತಿಹೋದರೆ ಐವತ್ತು ವರ್ಷದ ದನಿ ಅಷ್ಟು ಹೊತ್ತಿನದು ಹೋಯಿತು, ವಾಪಸ್ಸು ಬರುವುದಿಲ್ಲ. ಗುಂಡಿಗೆ ಬೀಗದಂಥ ತಡೆ ಇದೆಯಾ, ಅದು ಕೆಲಸ ಮಾಡುತ್ತದಾ ನೋಡಿಕೊಳ್ಳಿ. ನಾನಂತೂ ಅದರ ಮೇಲೆ ಪಟ್ಟಿ ಅಂಟಿಸಿಬಿಟ್ಟಿದ್ದೇನೆ. ಅಯಸ್ಕಾಂತ ಹತ್ತಿದ ಸ್ಕ್ರೂಡ್ರೈವರನ್ನೂ, ದೊಡ್ಡ ಸ್ಪೀಕರನ್ನೂ ರೀಲುಗಳ ಹತ್ತಿರ ತರಬೇಡಿ.

## ಮೊದಲ ಸಲ ಓಡಿಸುವಾಗ

ಮನೆಯ ರೀಲು ಮೊದಲು ಹಾಕಬಾರದು. ಯಾರಿಗೂ ಬೇಡವಾದ ಒಂದು ಹಳೇ ರೀಲು ಹೇಗಾದರೂ ಸಂಪಾದಿಸಿ. ಗೇಟನ್ನು ಬಿಚ್ಚಿ ಮೆತ್ತನೆ ಬ್ರಶ್ಶಿನಿಂದ ಗುಡಿಸಿ. ಒಂದು ಕೂದಲಿನಷ್ಟು ಕಸ ಸಿಕ್ಕಿಕೊಂಡಿದ್ದರೂ ರೀಲಿನುದ್ದಕ್ಕೂ ಗೆರೆ ಎಳೆದುಬಿಡುತ್ತದೆ. ಬೇಡದ ರೀಲನ್ನು ಪೂರ್ತಿ ಓಡಿಸಿ, ಆಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿ. ಹೊಸ ಗೀರು ಬಿದ್ದಿದೆಯಾ? ತೂತುಗಳ ಅಂಚು ಹರಿದಿದೆಯಾ? ಎರಡೂ ಇಲ್ಲದಿದ್ದರೆ ನಿಮ್ಮ ಸರದಿ.

ನಿಮ್ಮ ರೀಲನ್ನು ಓಡಿಸುವ ಮುಂಚೆ ಕೈಯಲ್ಲೇ ಒಂದು ಸಲ ಸುತ್ತಿ, ಅಂಚನ್ನು ಬೆರಳ ನಡುವೆ ಹಗುರವಾಗಿ ಜಾರಿಸಿ. ಅಂಟು ಬಿಟ್ಟ ಜೋಡಣೆ, ಹರಿದ ತೂತು ಬೆರಳಿಗೆ ಸಿಗುತ್ತವೆ. ಓಡುವಾಗ ಕೈ ಸ್ವಿಚ್ಚಿನ ಮೇಲೇ ಇರಲಿ. ಚಿತ್ರ ಮೇಲೆ ಕೆಳಗೆ ಎಳೆದಂತಾಗಿ, ಮೆಷಿನ್ ಕಟಕಟ ಅಂದರೆ ಲೂಪ್ ತಪ್ಪಿದೆ. ತಕ್ಷಣ ನಿಲ್ಲಿಸಿ.

ಇನ್ನೊಂದು ಕೆಲಸ ಮರೆಯಬೇಡಿ. ಹೆಚ್ಚಿನ ಸೌಂಡ್ ಪ್ರೊಜೆಕ್ಟರುಗಳಲ್ಲಿ ಹೊರಗಿನ ಸ್ಪೀಕರಿಗೋ ಟೇಪ್ ರೆಕಾರ್ಡರಿಗೋ ಒಂದು ಸಾಕೆಟ್ ಇರುತ್ತದೆ. ಕೆಲವು ಗೆರೆಗಳು ಎಷ್ಟು ಒಣಗಿರುತ್ತವೆ ಅಂದರೆ ಒಂದೊಂದು ಓಟಕ್ಕೂ ಒಂದಿಷ್ಟು ಪುಡಿಯಾಗಿ ಉದುರುತ್ತವೆ. ಅದಕ್ಕೇ ರೆಕಾರ್ಡರಿನ ತಂತಿಯನ್ನು ಮೊದಲೇ ಆ ಸಾಕೆಟ್ಟಿಗೆ ಸಿಕ್ಕಿಸಿ, ವಾಲ್ಯೂಮನ್ನು ಬೇಡದ ರೀಲಿನಲ್ಲೇ ಹೊಂದಿಸಿಟ್ಟುಕೊಂಡು, ಮೊದಲ ಓಟವನ್ನೇ ದಾಖಲು ಮಾಡಿಕೊಳ್ಳಿ.